ಊರ ಕಂಪ್ಯೂಟರ್ ಸಂಘದಲ್ಲಿ ಆಸಕ್ತಿ ಗುಂಪು ಕಟ್ಟಿ ನಡೆಸುವ ಬಗೆ

ಸಂಘದ ಸದಸ್ಯರು ಹತ್ತು ಹನ್ನೆರಡು ಮಂದಿ ಇರುವ ತನಕ ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಒಂದೇ ವಿಷಯ ಮಾತಾಡಿದರೂ ನಡೆಯುತ್ತದೆ. ಇಪ್ಪತ್ತೈದು ದಾಟಿದ ಮೇಲೆ ಅದು ನಡೆಯುವುದಿಲ್ಲ. ನಿವೃತ್ತ ಮೇಷ್ಟ್ರಿಗೆ ಕನ್ನಡ ಟೈಪಿಂಗ್ ಕಲಿಯಬೇಕು, ಪಿಯುಸಿ ಹುಡುಗನಿಗೆ ಅಣ್ಣನ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ (ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ವ್ಯವಸ್ಥೆ) ಹಾಕಬೇಕು, ಕಿರಾಣಿ ಅಂಗಡಿಯವರಿಗೆ ಫೋನಿನಲ್ಲಿ ದುಡ್ಡು ಹೋಗದಂತೆ ನೋಡಿಕೊಳ್ಳುವುದು ಗೊತ್ತಾಗಬೇಕು. ಮೂವರನ್ನೂ ಒಂದೇ ಉಪನ್ಯಾಸಕ್ಕೆ ಕೂರಿಸಿದರೆ ಯಾವ ಹೊತ್ತಿನಲ್ಲೂ ಇಬ್ಬರು ಸುಮ್ಮನೆ ಕೂತಿರುತ್ತಾರೆ, ಮುಂದಿನ ತಿಂಗಳು ಬರುವುದಿಲ್ಲ.

ಇದಕ್ಕೆ ದಾರಿ ಹೊಸದೇನಲ್ಲ. 1977ರಲ್ಲಿ ಶುರುವಾಗಿ 1996ರವರೆಗೆ ನಡೆದ ಬಾಸ್ಟನ್ ಕಂಪ್ಯೂಟರ್ ಸೊಸೈಟಿ ಸಾವಿರಾರು ಸದಸ್ಯರನ್ನು ಹಿಡಿದಿಟ್ಟುಕೊಂಡದ್ದು ಇಂಥ ಒಳಗುಂಪುಗಳಿಂದಲೇ. ಒಂದೊಂದು ಬಗೆಯ ಯಂತ್ರಕ್ಕೆ, ಒಂದೊಂದು ಬಗೆಯ ಬಳಕೆಗೆ ಅಲ್ಲಿ ಬೇರೆ ಬೇರೆ ಗುಂಪುಗಳು ಸೇರುತ್ತಿದ್ದವು. ನಮ್ಮ ತಾಲ್ಲೂಕು ಊರುಗಳ ಸಂಘಕ್ಕೆ ಅಷ್ಟು ದೊಡ್ಡ ಏರ್ಪಾಡು ಬೇಡ. ಎರಡು ಅಥವಾ ಮೂರು ಗುಂಪು ಸಾಕು. ಅವನ್ನು ಹೇಗೆ ಹುಟ್ಟುಹಾಕಬೇಕು, ಎಲ್ಲಿ ಎಡವುತ್ತವೆ, ಯಾವ ಕೆಲಸ ಕೊಟ್ಟರೆ ನಿಲ್ಲುತ್ತವೆ ಅನ್ನುವುದನ್ನು ಕೆಳಗೆ ಬರೆದಿದೆ.

ವಿಷಯಕ್ಕಲ್ಲ, ಕೆಲಸಕ್ಕೆ ಗುಂಪು

ಮೊದಲ ತಪ್ಪು ಹೆಸರಿಡುವಾಗಲೇ ಆಗುತ್ತದೆ. 'ಲಿನಕ್ಸ್ ಗುಂಪು', 'ಕೃತಕ ಬುದ್ಧಿಮತ್ತೆ ಗುಂಪು' ಎಂದು ವಿಷಯದ ಹೆಸರಿಟ್ಟರೆ ಮೊದಲ ಸಭೆಗೆ ಮೂವತ್ತು ಜನ ಬರುತ್ತಾರೆ, ನಾಲ್ಕನೆಯದಕ್ಕೆ ಐದು. ವಿಷಯ ಎಂದೂ ಮುಗಿಯುವುದಿಲ್ಲ. ಹಾಗಾಗಿ ಏನೂ ಮುಗಿಸಿದ ಸಮಾಧಾನ ಯಾರಿಗೂ ಸಿಗುವುದಿಲ್ಲ. ಅದರ ಬದಲು ಮೂರು ತಿಂಗಳಲ್ಲಿ ಮುಗಿಯುವ, ಕಣ್ಣಿಗೆ ಕಾಣುವ ಒಂದು ಕೆಲಸ ಹಿಡಿಯಿರಿ. ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಮೂಲೆ ಸೇರಿದ ಆರು ಕಂಪ್ಯೂಟರ್ ಮತ್ತೆ ಓಡಬೇಕು. ಹಕ್ಕುಸ್ವಾಮ್ಯ ಮುಗಿದ ನೂರಿಪ್ಪತ್ತು ಪುಟದ ಒಂದು ಕನ್ನಡ ಪುಸ್ತಕ ವಿಕಿಸೋರ್ಸ್ ಎಂಬ ಮುಕ್ತ ಅಂತರ್ಜಾಲ ಗ್ರಂಥಾಲಯದಲ್ಲಿ ತಿದ್ದುಪಡಿ ಮುಗಿದು ನಿಲ್ಲಬೇಕು. ಊರಿನ ಐವತ್ತು ಹಿರಿಯರ ಫೋನಿನಲ್ಲಿ ಸುರಕ್ಷತೆಯ ಏರ್ಪಾಡು ಸರಿಯಾಗಬೇಕು. ಈ ಮೂರರಲ್ಲೂ ಎಷ್ಟು ಮುಗಿಯಿತು, ಎಷ್ಟು ಉಳಿಯಿತು ಎಂದು ಯಾರು ಬೇಕಾದರೂ ಎಣಿಸಬಹುದು. ಲಿನಕ್ಸ್, ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ), ಪಾಸ್‌ವರ್ಡ್ ಎಲ್ಲವನ್ನೂ ಜನ ಆ ಕೆಲಸದ ನಡುವೆಯೇ ಕಲಿಯುತ್ತಾರೆ, ಉಪನ್ಯಾಸದಲ್ಲಿ ಕಲಿಯುವುದಕ್ಕಿಂತ ಗಟ್ಟಿಯಾಗಿ.

ಗುಂಪು ತೆರೆಯುವ ಮೊದಲು

ಸಾಮಾನ್ಯ ಸಭೆಯಲ್ಲಿ 'ಯಾರಿಗೆ ಆಸಕ್ತಿ ಇದೆ, ಕೈ ಎತ್ತಿ' ಎಂದು ಕೇಳಬೇಡಿ. ಎಲ್ಲರೂ ಎಲ್ಲದಕ್ಕೂ ಕೈ ಎತ್ತುತ್ತಾರೆ. ಅರ್ಧ ಹಾಳೆಯ ಚೀಟಿ ಕೊಟ್ಟು ಮೂರು ಪ್ರಶ್ನೆ ಕೇಳಿ: ಈ ಮೂರು ತಿಂಗಳಲ್ಲಿ ನಿಮ್ಮ ಕೈಯಿಂದ ಆಗಬೇಕೆನಿಸುವ ಒಂದು ಕೆಲಸ ಯಾವುದು, ತಿಂಗಳಿಗೆ ಎರಡು ಸಲ ಯಾವ ದಿನ ಯಾವ ಹೊತ್ತಿಗೆ ಬರಬಲ್ಲಿರಿ, ನಿಮ್ಮ ಹತ್ತಿರ ಯಾವ ಯಂತ್ರ ಇದೆ. ಎರಡನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಒಂದೇ ಕೆಲಸ ಬಯಸುವ, ಒಂದೇ ಹೊತ್ತಿಗೆ ಬರಬಲ್ಲ ಐದು ಮಂದಿ ಸಿಗದಿದ್ದರೆ ಆ ಗುಂಪನ್ನು ಈ ಸಲ ತೆರೆಯಬೇಡಿ. ಐದರಿಂದ ಎಂಟು ಮಂದಿಯ ತಿರುಳು ಒಳ್ಳೆಯದು. ಹನ್ನೆರಡು ದಾಟಿದರೆ ಎರಡು ತಂಡ ಮಾಡಿ.

ಇಬ್ಬರು ಸಂಚಾಲಕರು ಬೇಕೇ ಬೇಕು. ಒಬ್ಬರೇ ಇದ್ದು ಅವರಿಗೆ ಜ್ವರ ಬಂದರೆ, ವರ್ಗಾವಣೆ ಆದರೆ, ಮಗಳ ಮದುವೆ ಬಂದರೆ ಗುಂಪು ಅಲ್ಲಿಗೇ ನಿಲ್ಲುತ್ತದೆ. ಮೊದಲ ಸಂಚಾಲಕರು ಆರು ತಿಂಗಳಿದ್ದು ಬಿಟ್ಟುಕೊಡಲಿ, ಸಹಸಂಚಾಲಕರು ಆ ಜಾಗಕ್ಕೆ ಬರಲಿ. ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ತಿಳಿದವರನ್ನೇ ಸಂಚಾಲಕರನ್ನಾಗಿ ಮಾಡಬೇಕೆಂದಿಲ್ಲ, ಹಾಗೆ ಮಾಡದಿರುವುದೇ ಒಳ್ಳೆಯದು. ಸಂಚಾಲಕರ ಕೆಲಸ ಬೀಗದ ಕೈ ತರುವುದು, ಬಂದವರ ಹೆಸರು ಬರೆಯುವುದು, ಬಾರದವರಿಗೆ ಫೋನ್ ಮಾಡುವುದು. ತಿಳಿದವರನ್ನು ಇದರಿಂದ ಬಿಡುಗಡೆ ಮಾಡಿ ಕಲಿಸುವುದಕ್ಕೆ ಬಿಡಿ.

ಆಮೇಲೆ ಒಂದು ಪುಟದ ಒಪ್ಪಂದ ಬರೆಯಿರಿ. ಗುಂಪಿನ ಹೆಸರು, ಹಿಡಿದ ಕೆಲಸ, ಮುಗಿಯುವ ತಾರೀಖು, ಸೇರುವ ದಿನ ಮತ್ತು ಜಾಗ, ಸಂಚಾಲಕರ ಹೆಸರು, ಸಂಘದಿಂದ ಬೇಕಾದ ಸಾಮಾನು, ಖರ್ಚಿನ ಮಿತಿ. ಇಷ್ಟೇ. ಕಾರ್ಯಕಾರಿ ಸಮಿತಿ ಇದನ್ನು ಓದಿ ನಡಾವಳಿ ಪುಸ್ತಕದಲ್ಲಿ ದಾಖಲಿಸಲಿ. ಸಂಘ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ನೋಂದಣಿಯಾಗಿದ್ದರೆ ಗುಂಪುಗಳಿಗೆ ಬೇರೆ ಬ್ಯಾಂಕ್ ಖಾತೆ, ಬೇರೆ ರಸೀದಿ ಪುಸ್ತಕ ಖಂಡಿತ ಬೇಡ. ವರ್ಷದ ಲೆಕ್ಕಪತ್ರ ಸಲ್ಲಿಸಬೇಕಾದದ್ದು ಸಂಘ, ಗುಂಪಲ್ಲ. ದುಡ್ಡು ಎರಡು ಕಡೆ ಹರಿದರೆ ಲೆಕ್ಕ ತಾಳೆಯಾಗುವುದಿಲ್ಲ, ಜಗಳ ಆಗುತ್ತದೆ. ಪ್ರತಿ ಗುಂಪಿಗೆ ಖಜಾಂಚಿ ಸಾವಿರ ರೂಪಾಯಿ ಮುಂಗಡ ಕೊಡಲಿ, ಬಿಲ್ಲು ತಂದುಕೊಟ್ಟಾಗ ಮತ್ತೆ ತುಂಬಲಿ.

ದಿನ ಮತ್ತು ಹೊತ್ತು

ಎರಡನೇ ಮತ್ತು ನಾಲ್ಕನೇ ಶನಿವಾರ ನಮ್ಮಲ್ಲಿ ಸರ್ಕಾರಿ ಕಚೇರಿಗೂ ಬ್ಯಾಂಕಿಗೂ ರಜೆ. ಹದಿನೈದು ದಿನಕ್ಕೊಮ್ಮೆ ಸೇರುವ ಗುಂಪಿಗೆ ಇದಕ್ಕಿಂತ ಒಳ್ಳೆಯ ದಿನವಿಲ್ಲ. ಬೆಳಿಗ್ಗೆ ಹತ್ತೂವರೆಯಿಂದ ಒಂದು ಗಂಟೆ. ಸಂಜೆ ಆರರ ಸಭೆ ಇಟ್ಟರೆ ಹಳ್ಳಿಯಿಂದ ಬರುವವರು ಕೊನೆ ಬಸ್ಸಿನ ಚಿಂತೆಯಲ್ಲಿರುತ್ತಾರೆ. ಹೆಣ್ಣುಮಕ್ಕಳು ಮೊದಲ ಸಲ ಬಂದು ಎರಡನೇ ಸಲ ಬರುವುದಿಲ್ಲ. ಬೆಳಗಿನ ಹೊತ್ತಿಗೆ ಬದಲಾಯಿಸಿದರೆ ಹಾಜರಿ ಪುಸ್ತಕದಲ್ಲಿ ವ್ಯತ್ಯಾಸ ತಾನಾಗಿ ಕಾಣುತ್ತದೆ. ಮಾರ್ಚ್ ಹೊತ್ತಿಗೆ ಪರೀಕ್ಷೆ, ಆಮೇಲೆ ಮದುವೆಗಳು. ಮಲೆನಾಡಿನಲ್ಲಾದರೆ ಜೂನ್‌ನಿಂದ ಆಗಸ್ಟ್ ತನಕ ಕರೆಂಟಿನ ಭರವಸೆ ಇಲ್ಲ. ಮೂರು ತಿಂಗಳ ಅವಧಿಯನ್ನು ಇವುಗಳ ನಡುವೆ ಕೂರಿಸಿ. ಸೆಪ್ಟೆಂಬರ್‌ನಿಂದ ನವೆಂಬರ್, ಡಿಸೆಂಬರ್‌ನಿಂದ ಫೆಬ್ರವರಿ ಹೆಚ್ಚಿನ ಊರುಗಳಿಗೆ ಹೊಂದುತ್ತವೆ. ಒಬ್ಬರೇ ಎರಡು ಗುಂಪಿನಲ್ಲಿ ಇರುವುದು ಸಾಮಾನ್ಯ. ಹಾಗಾಗಿ ಎರಡು ಗುಂಪನ್ನು ಒಂದೇ ಹೊತ್ತಿಗೆ ಇಡಬೇಡಿ.

ಜಾಗ ನೋಡುವಾಗ ಮೊದಲು ಪ್ಲಗ್ ಎಣಿಸಿ. ಲ್ಯಾಪ್‌ಟಾಪ್ ಚಾರ್ಜರ್ ಒಂದಕ್ಕೆ ಸಾಮಾನ್ಯವಾಗಿ 65 ವ್ಯಾಟ್. ಹನ್ನೆರಡು ಲ್ಯಾಪ್‌ಟಾಪ್ ಎಂದರೆ 780 ವ್ಯಾಟ್. 230 ವೋಲ್ಟಿನ 6 ಆಂಪಿಯರ್ ಪ್ಲಗ್ ಲೆಕ್ಕದಲ್ಲಿ 1380 ವ್ಯಾಟ್ ತಡೆಯುತ್ತದೆ, ಆದರೆ ಅದೇ ಸಾಲಿನಲ್ಲಿ ಟೀ ಕೆಟಲ್ ಹಾಕಿದರೆ ಫ್ಯೂಸ್ ಹೋಗುತ್ತದೆ. ಫ್ಯೂಸ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಎರಡು ತನ್ನಿ, ಒಂದಕ್ಕೆ ಇನ್ನೊಂದನ್ನು ಜೋಡಿಸದೆ ಎರಡನ್ನೂ ಬೇರೆ ಬೇರೆ ಗೋಡೆಯ ಪ್ಲಗ್‌ಗೆ ಹಾಕಿ. ಇಂಟರ್ನೆಟ್ಟಿಗೆ ಫೋನಿನ ಹಾಟ್‌ಸ್ಪಾಟ್ ನಂಬಿದರೆ ಎಂಟೋ ಹತ್ತೋ ಯಂತ್ರಕ್ಕೆ ಅದು ನಿಲ್ಲುತ್ತದೆ. ಎಲ್ಲ ಯಂತ್ರಗಳೂ ಒಟ್ಟಿಗೆ ಅಪ್‌ಡೇಟ್ ಎಳೆಯತೊಡಗಿದರಂತೂ ಯಾವುದೂ ಮುಂದುವರಿಯುವುದಿಲ್ಲ. ಬೇಕಾದ ಕಡತಗಳನ್ನು ಹಿಂದಿನ ರಾತ್ರಿಯೇ ಇಳಿಸಿ ಪೆನ್‌ಡ್ರೈವ್‌ನಲ್ಲಿ ತರಬೇಕು.

ಮೊದಲ ಸಭೆ

ಎರಡೂವರೆ ಗಂಟೆಯಲ್ಲಿ ಭಾಷಣಕ್ಕೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ. ಹಿಡಿದ ಕೆಲಸ ಏನು, ಎಲ್ಲಿಗೆ ಮುಟ್ಟಬೇಕು, ಇವತ್ತು ಎಷ್ಟು ಎಂಬುದನ್ನು ಹೇಳಿ ಮುಗಿಸಿ. ಮುಂದಿನ ಒಂದು ಮುಕ್ಕಾಲು ಗಂಟೆ ಇಬ್ಬಿಬ್ಬರ ಜೋಡಿಯಲ್ಲಿ ಕೆಲಸ. ಕೊನೆಯ ಅರ್ಧ ಗಂಟೆಯಲ್ಲಿ ಪ್ರತಿ ಜೋಡಿಯೂ ಆದದ್ದು, ಆಗದ್ದು ಹೇಳಲಿ, ಸಂಚಾಲಕರು ಬರೆದುಕೊಳ್ಳಲಿ, ಮುಂದಿನ ಸಲದ ಕೆಲಸ ಹಂಚಿಕೊಳ್ಳಿ.

ಜೋಡಿಯಲ್ಲಿ ಒಂದು ನಿಯಮ ಕಟ್ಟುನಿಟ್ಟಾಗಿ ಪಾಲಿಸಬೇಕು. ಕಲಿಸುವವರು ಕಲಿಯುವವರ ಕೀಬೋರ್ಡ್, ಮೌಸ್, ಫೋನ್ ಮುಟ್ಟುವಂತಿಲ್ಲ. ತಿಳಿದವರ ಕೈ ಬೇಗ ಓಡುತ್ತದೆ, ಎರಡು ನಿಮಿಷದಲ್ಲಿ ಕೆಲಸ ಆಗಿಬಿಡುತ್ತದೆ, ಕಲಿಯುವವರಿಗೆ ಏನೂ ಉಳಿಯುವುದಿಲ್ಲ. ಬಾಯಲ್ಲಿ ಹೇಳಿ, ಬೆರಳಲ್ಲಿ ತೋರಿಸಿ, ಕಾಯಿರಿ. ಹೊಸಬರು ಉಳಿಯುವ ಗುಂಪಿಗೂ ಹೊಸಬರು ಓಡಿಹೋಗುವ ಗುಂಪಿಗೂ ಇರುವ ವ್ಯತ್ಯಾಸ ಬಹುತೇಕ ಇಷ್ಟೇ.

ಹಳೇ ಯಂತ್ರಗಳ ಗುಂಪು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚೂಕಡಿಮೆ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಹಾಗಾಗಿ ಚೆನ್ನಾಗಿಯೇ ಓಡುವ ಎಷ್ಟೋ ಲ್ಯಾಪ್‌ಟಾಪ್‌ಗಳು ಕಪಾಟು ಸೇರಿವೆ. ಕಂಪ್ಯೂಟರ್ ಸಂಘದಲ್ಲಿ ಮೊದಲು ತೆರೆಯಬೇಕಾದ ಗುಂಪು ಇದು. ಫಲ ಬೇಗ ಕಾಣುತ್ತದೆ, ಊರಿಗೆ ಉಪಯೋಗ.

ಸಾಮಾನು ಹೆಚ್ಚು ಬೇಡ. 32 ಜಿಬಿಯ ಎರಡು ಪೆನ್‌ಡ್ರೈವ್, ಒಂದು ಹೊರಗಿನ ಹಾರ್ಡ್‌ಡಿಸ್ಕ್, ಸಣ್ಣ ಸ್ಕ್ರೂಡ್ರೈವರ್ ಸೆಟ್, ಸಿಆರ್2032 ಗುಂಡಿ ಬ್ಯಾಟರಿ ನಾಲ್ಕು, ಥರ್ಮಲ್ ಪೇಸ್ಟ್ ಒಂದು ಟ್ಯೂಬು, ಮೃದು ಬ್ರಷ್, ಒಂದು ಯುಎಸ್‌ಬಿ ಕೇಬಲ್, ಹೆಸರು ಬರೆಯಲು ಕಾಗದದ ಟೇಪು. ಪೆನ್‌ಡ್ರೈವ್‌ಗೆ ವೆಂಟಾಯ್ ಎಂಬ ಉಚಿತ ತಂತ್ರಾಂಶ ಹಾಕಿದರೆ ಹಲವು ಐಎಸ್‌ಒ ಕಡತಗಳನ್ನು (ಇನ್‌ಸ್ಟಾಲ್ ಮಾಡಲು ಬೇಕಾದ ದೊಡ್ಡ ಕಡತಗಳು) ಸುಮ್ಮನೆ ನಕಲು ಮಾಡಿ ಇಟ್ಟುಕೊಳ್ಳಬಹುದು. ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಆವೃತ್ತಿ ಹೊಸಬರಿಗೆ ಒಗ್ಗುತ್ತದೆ. ಅದಕ್ಕೆ 2029ರ ತನಕ ಬೆಂಬಲ ಇದೆ. ಕನಿಷ್ಠ 2 ಜಿಬಿ ರ‍್ಯಾಮ್ ಎನ್ನುತ್ತಾರೆ, ಆದರೆ ಬ್ರೌಸರ್ ತೆರೆದು ಕೆಲಸ ಮಾಡಲು 4 ಜಿಬಿ ಬೇಕು. ಇಳಿಸಿದ ಐಎಸ್‌ಒ ಕಡತದ ಶಾ256 ಮೊತ್ತ (ಕಡತ ಸರಿಯಾಗಿ ಇಳಿದಿದೆಯೇ ತಿಳಿಸುವ ಉದ್ದನೆಯ ಗುರುತು) ಮಿಂಟ್ ತಾಣದಲ್ಲಿರುವುದಕ್ಕೆ ಹೊಂದುತ್ತದೆಯೇ ನೋಡಿ. ಅರ್ಧ ಇಳಿದ ಕಡತದಿಂದ ಇನ್‌ಸ್ಟಾಲ್ ಅರ್ಧಕ್ಕೇ ನಿಂತಾಗ ಜನ ಯಂತ್ರವನ್ನು ಬೈಯುತ್ತಾರೆ.

ಯಂತ್ರ ಬಂದ ಕೂಡಲೇ ಇನ್‌ಸ್ಟಾಲ್‌ಗೆ ಕೈ ಹಾಕಬೇಡಿ. ಮೊದಲು ತಪಾಸಣೆ, ಈ ಕ್ರಮದಲ್ಲಿ:

1. ಬ್ಯಾಟರಿ ಉಬ್ಬಿದೆಯೇ ನೋಡಿ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಲ್ಯಾಪ್‌ಟಾಪ್ ಮೇಜಿನ ಮೇಲೆ ಸಮನಾಗಿ ಕೂರದೆ ಅಲುಗಾಡಿದರೆ ಅನುಮಾನ ಪಡಿ. ಉಬ್ಬಿದ ಬ್ಯಾಟರಿಗೆ ಚಾರ್ಜರ್ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ತಿಳಿದವರು ಬಿಚ್ಚಿ, ಸುಡುವ ವಸ್ತು ಹತ್ತಿರ ಇಲ್ಲದ ಕಡೆ ಬೇರೆಯಾಗಿ ಇಡಲಿ.

2. ಬಯಾಸ್‌ನಲ್ಲಿ (ಯಂತ್ರ ಏಳುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್‌ಗಳಲ್ಲಿ) ತಾರೀಖು ನೋಡಿ. ಹತ್ತು ವರ್ಷ ಹಿಂದಕ್ಕೆ ಹೋಗಿದ್ದರೆ ಗುಂಡಿ ಬ್ಯಾಟರಿ ಸತ್ತಿದೆ. ತಾರೀಖು ತಪ್ಪಿದ್ದರೆ ಬ್ರೌಸರ್ ಪ್ರತಿ ತಾಣಕ್ಕೂ ಪ್ರಮಾಣಪತ್ರದ ದೋಷ ತೋರಿಸುತ್ತದೆ. 'ಇಂಟರ್ನೆಟ್ ಬರ್ತಿಲ್ಲ' ಎಂದು ಬರುವ ಎಷ್ಟೋ ಯಂತ್ರಗಳ ರೋಗ ಇದು.

3. ಪೆನ್‌ಡ್ರೈವ್‌ನಿಂದ ಲಿನಕ್ಸ್ ಓಡಿಸಿ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿ ನೋಡಿ. 5 ಮತ್ತು 197 ಎಂಬ ಗುರುತು ಸಂಖ್ಯೆಯ ಸಾಲುಗಳ ಕಚ್ಚಾ ಸಂಖ್ಯೆ ಸೊನ್ನೆ ಇರಬೇಕು. 197ರಲ್ಲಿ ಸಂಖ್ಯೆ ಇದ್ದರೆ ಓದಲಾಗದ ಜಾಗಗಳಿವೆ ಎಂದರ್ಥ. ಮೊದಲು ಕಡತ ಉಳಿಸಿಕೊಂಡು ಡಿಸ್ಕ್ ಬದಲಿಸಿ.

4. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಒಂದು ಪೂರ್ತಿ ಸುತ್ತು ಓಡಲಿ. ಒಂದು ದೋಷ ಬಂದರೂ ಆ ರ‍್ಯಾಮ್ ಬೇಡ.

ಹಳೇ ಯಂತ್ರಕ್ಕೆ ದುಡ್ಡು ಹಾಕುವುದಾದರೆ ಮೊದಲು 240 ಅಥವಾ 256 ಜಿಬಿಯ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿ. ಹಾರ್ಡ್‌ಡಿಸ್ಕ್ ಇರುವ ತನಕ ಯಾವ ಲಿನಕ್ಸ್ ಹಾಕಿದರೂ ಎಳೆದಾಡುತ್ತದೆ. ಆಮೇಲೆ ರ‍್ಯಾಮ್. ಇಲ್ಲಿ ಒಂದು ಹಳ್ಳ ಇದೆ. ನಾಲ್ಕನೇ ತಲೆಮಾರಿನ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಅನೇಕವಕ್ಕೆ 1.35 ವೋಲ್ಟಿನ ಡಿಡಿಆರ್3ಎಲ್ ಮಾತ್ರ ಆಗುತ್ತದೆ. ನೋಡಲು ಒಂದೇ ಥರ ಇರುವ, ಅದೇ ಸ್ಲಾಟಿಗೆ ಕೂರುವ 1.5 ವೋಲ್ಟಿನ ಡಿಡಿಆರ್3 ಹಾಕಿದರೆ ಯಂತ್ರ ಏಳುವುದೇ ಇಲ್ಲ. ಹಳೇ ರ‍್ಯಾಮ್ ಕಡ್ಡಿಯ ಮೇಲಿನ ಚೀಟಿ ಓದಿಕೊಂಡು ಅಂಗಡಿಗೆ ಹೋಗಿ.

ಮಾಲೀಕರ ಕಡತ ನಕಲು ಮಾಡುವುದು ಮಾಲೀಕರೇ, ಅವರದೇ ಕೈಯಿಂದ. ಫೋಟೊ, ಡೌನ್‌ಲೋಡ್, ಡೆಸ್ಕ್‌ಟಾಪ್ ಫೋಲ್ಡರ್‌ಗಳ ಜೊತೆಗೆ ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನೂ ನೆನಪಿಸಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಹಾಕಿದ ಯಂತ್ರದಲ್ಲಿ ಬಯಾಸ್ ಮುಟ್ಟುವ ಮೊದಲು 48 ಅಂಕಿಯ ಮರುಪಡೆ ಕೀಲಿ ಕೈಯಲ್ಲಿರಬೇಕು. ಬಯಾಸ್‌ನ ಸೆಕ್ಯೂರ್ ಬೂಟ್ ಸೆಟ್ಟಿಂಗ್ ಬದಲಿಸಿದ ಕೂಡಲೇ ವಿಂಡೋಸ್ ಅದನ್ನು ಕೇಳುತ್ತದೆ, ಕೊಡದಿದ್ದರೆ ಒಳಗಿನ ಕಡತಗಳು ಸಿಗುವುದಿಲ್ಲ. 'ನನ್ನ ಕಡತಗಳನ್ನು ನಕಲು ಮಾಡಿಕೊಂಡಿದ್ದೇನೆ, ಡಿಸ್ಕ್ ಅಳಿಸಲು ಒಪ್ಪಿದ್ದೇನೆ' ಎಂದು ಎರಡು ಸಾಲು ಬರೆಸಿ ಸಹಿ ತೆಗೆದುಕೊಳ್ಳಿ. ಅಕ್ಕಪಕ್ಕದ ಮನೆಯವರಾದರೂ ಸರಿ.

ಯಂತ್ರ ಯಾವುದರಿಂದ ಏಳಬೇಕು ಎಂದು ಆರಿಸುವ ಬೂಟ್ ಪಟ್ಟಿ ತೆರೆಯಲು ಡೆಲ್ ಮತ್ತು ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಎಫ್9, ಏಸುಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲಿಯೂ ಎಫ್12, ಆದರೆ ಎಷ್ಟೋ ಮಾದರಿಗಳಲ್ಲಿ ಅದನ್ನು ಮೊದಲು ಎಫ್2 ಒತ್ತಿ ಬಯಾಸ್‌ನಲ್ಲಿ ಚಾಲೂ ಮಾಡಬೇಕು. ಪೆನ್‌ಡ್ರೈವ್‌ನಿಂದಲೇ ಓಡುವ ಲೈವ್ ಡೆಸ್ಕ್‌ಟಾಪ್ ಬಂದ ಮೇಲೆ ವೈಫೈ, ಸ್ಪೀಕರ್, ಕ್ಯಾಮೆರಾ, ಬೆಳಕಿನ ಹೆಚ್ಚುಕಡಿಮೆ, ಮುಚ್ಚಳ ಮುಚ್ಚಿ ತೆರೆಯುವುದು ಐದನ್ನೂ ಪರೀಕ್ಷಿಸಿ. ವೈಫೈ ಕಾಣದಿದ್ದರೆ ಹೆಚ್ಚಾಗಿ ಬ್ರಾಡ್‌ಕಾಮ್ ಚಿಪ್ ಇರುತ್ತದೆ. ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಮಾಡಿ, ಇನ್‌ಸ್ಟಾಲ್ ಆದ ಮೇಲೆ ಡ್ರೈವರ್ ಮ್ಯಾನೇಜರ್‌ನಿಂದ ಡ್ರೈವರ್ ತರಿಸಿಕೊಳ್ಳಿ. ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣುತ್ತಿಲ್ಲ ಎಂದರೆ ಬಯಾಸ್‌ನಲ್ಲಿ ಸಾಟಾ ವಿಧಾನ ರೇಡ್ ಅಥವಾ ಇಂಟೆಲ್ ಆರ್‌ಎಸ್‌ಟಿ ಎಂದಿರುತ್ತದೆ. ಅದನ್ನು ಎಎಚ್‌ಸಿಐಗೆ ತಿರುಗಿಸಿ. ಆದರೆ ವಿಂಡೋಸ್ ಉಳಿಸಿಕೊಳ್ಳುವ ಯಂತ್ರದಲ್ಲಿ ಹೀಗೆ ನೇರವಾಗಿ ತಿರುಗಿಸಿದರೆ ವಿಂಡೋಸ್ ಏಳುವುದಿಲ್ಲ.

ವಿಂಡೋಸ್, ಲಿನಕ್ಸ್ ಎರಡೂ ಇರಲಿ ಎನ್ನುವವರು ತುಂಬ ಮಂದಿ. ಹೊಸ ಗುಂಪು ಮೊದಲ ಮೂರು ತಿಂಗಳು ಇದಕ್ಕೆ ಒಪ್ಪಬಾರದು ಎಂಬುದು ನಮ್ಮ ಅಭಿಪ್ರಾಯ. ಒಂದೇ ಡಿಸ್ಕಿನಲ್ಲಿ ಎರಡು ವ್ಯವಸ್ಥೆ ಇಟ್ಟರೆ ತೊಂದರೆ ಬೇರೆ ಬೇರೆ ರೂಪದಲ್ಲಿ ವಾಪಸು ಬರುತ್ತದೆ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡದಿದ್ದರೆ ಅದರ ವಿಭಾಗ ಲಿನಕ್ಸ್‌ನಲ್ಲಿ ಓದಲು ಮಾತ್ರ ಸಿಗುತ್ತದೆ, ಬರೆಯಲು ಆಗುವುದಿಲ್ಲ. ಗಡಿಯಾರ ಐದೂವರೆ ಗಂಟೆ ಹಿಂದೆ ಮುಂದೆ ಆಗುತ್ತಿರುತ್ತದೆ, ಯಾಕೆಂದರೆ ಯಂತ್ರದ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯವೆಂದೂ ಲಿನಕ್ಸ್ ಗ್ರೀನಿಚ್ ಸಮಯವೆಂದೂ ಓದುತ್ತದೆ.

ಈ ಗುಂಪನ್ನು ಕೊಲ್ಲುವುದು ಮತ್ತೊಂದು. ಮೂರನೇ ಸಭೆಯ ಹೊತ್ತಿಗೆ ಊರವರು ಇದನ್ನು ಪುಕ್ಕಟೆ ರಿಪೇರಿ ಅಂಗಡಿ ಎಂದುಕೊಳ್ಳುತ್ತಾರೆ. ಯಂತ್ರ ಬಿಟ್ಟು ಹೋಗುತ್ತಾರೆ, ಸಂಜೆ ಬಂದು ತೆಗೆದುಕೊಂಡು ಹೋಗುತ್ತಾರೆ. ಹಾಗಾಗಬಾರದು ಎಂದರೆ ಮೊದಲ ದಿನವೇ ಬಾಗಿಲಿಗೆ ಬರೆದು ಅಂಟಿಸಿ: ಯಂತ್ರದ ಜೊತೆ ಮಾಲೀಕರು ಕೂರಬೇಕು, ಒಂದು ಸಭೆಗೆ ನಾಲ್ಕೇ ಯಂತ್ರ, ಹೆಸರು ಮೊದಲೇ ಬರೆಸಬೇಕು. ಊರಿನಲ್ಲಿ ರಿಪೇರಿ ಅಂಗಡಿ ಇಟ್ಟು ಬದುಕುವವರಿದ್ದರೆ ಅವರನ್ನು ಕರೆದು ಮಾತಾಡಿ. ಮದರ್‌ಬೋರ್ಡ್ ಕೆಲಸ, ಸ್ಕ್ರೀನ್ ಬದಲಾವಣೆ ಅವರಿಗೆ ಹೋಗಲಿ. ಅವರ ಹೊಟ್ಟೆಯ ಮೇಲೆ ಹೊಡೆದು ಸಂಘ ಬೆಳೆಯಬೇಕಾಗಿಲ್ಲ.

ದಾನವಾಗಿ ಬಂದ ಯಂತ್ರದ ಹಾರ್ಡ್‌ಡಿಸ್ಕನ್ನು ಎನ್‌ವೈಪ್ ತಂತ್ರಾಂಶದಿಂದ ಒಂದು ಸುತ್ತು ಪೂರ್ತಿ ಅಳಿಸಿ. ಎಸ್‌ಎಸ್‌ಡಿಗೆ ಆ ವಿಧಾನ ಸಾಲದು, ಬಯಾಸ್‌ನಲ್ಲಿ ಅಥವಾ ತಯಾರಕರ ಸಾಧನದಲ್ಲಿ ಇರುವ ಸೆಕ್ಯೂರ್ ಇರೇಸ್ ಬಳಸಿ. ಕೆಟ್ಟ ಬ್ಯಾಟರಿ, ಬೋರ್ಡುಗಳನ್ನು ಗುಜರಿಗೆ ಹಾಕದೆ, ಬೋರ್ಡುಗಳನ್ನು ಇ-ತ್ಯಾಜ್ಯ ನಿರ್ವಹಣಾ ನಿಯಮ 2022ರ ಅಡಿ, ಬ್ಯಾಟರಿಗಳನ್ನು ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮ 2022ರ ಅಡಿ ನೋಂದಾಯಿತ ಮರುಬಳಕೆದಾರರಿಗೆ ಕೊಟ್ಟು ರಸೀದಿ ಇಟ್ಟುಕೊಳ್ಳಿ.

ಕನ್ನಡ ಪಠ್ಯದ ಗುಂಪು

ಕಂಪ್ಯೂಟರ್ ಎಂದರೆ ಹೆದರುವ ಹಿರಿಯರು ಈ ಗುಂಪಿನ ಬೆನ್ನೆಲುಬಾಗುತ್ತಾರೆ. ಹಳೆಗನ್ನಡ, ಷಟ್ಪದಿ, ಹಳೇ ಅಚ್ಚಿನ ಅಕ್ಷರ ಅವರಿಗೆ ಗೊತ್ತು, ಹುಡುಗರಿಗೆ ಗೊತ್ತಿಲ್ಲ. ಅವರನ್ನು ಇಲ್ಲಿ ಕಲಿಯುವವರೆಂದಲ್ಲ, ತಿದ್ದುವವರೆಂದು ಕರೆಯಿರಿ.

ಕೀಲಿಮಣೆ ಮೊದಲು. ಒಬ್ಬರಿಗೆ ಒಂದೇ ವಿನ್ಯಾಸ, ಮೊದಲ ದಿನವೇ ಯಾವುದು ಮೇಲು ಎಂಬ ಚರ್ಚೆ ಬೇಡ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದವರಿಗೆ ಕೆ. ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕಗಪ ಕೀಲಿಮಣೆ ಕೈಗೆ ಕೂತಿರುತ್ತದೆ. ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲಿಯೂ ಕನ್ನಡದ ಕೆಳಗೆ ಕಗಪ ಇದೆ. ಅದರಲ್ಲಿ ಒತ್ತಕ್ಷರಕ್ಕೆ ಎಫ್ ಕೀಲಿ. ಕ, ಎಫ್, ತ ಒತ್ತಿದರೆ 'ಕ್ತ'. ಏನೂ ಗೊತ್ತಿಲ್ಲದ ಹೊಸಬರಿಗೂ ಇದನ್ನೇ ಕೊಡಿ, ವಾರದಲ್ಲಿ ಕೈ ಹತ್ತುತ್ತದೆ.

ಟೈಪ್ ಮಾಡುವವರು ಸದಾ ಎಡವುವ ಎರಡು ಕಡೆ ಇವೆ. ಅನುಸ್ವಾರ 'ಂ' ಮತ್ತು ಕನ್ನಡ ಅಂಕಿ ಸೊನ್ನೆ '೦' ಕಣ್ಣಿಗೆ ಒಂದೇ, ಯೂನಿಕೋಡ್‌ಗೆ ಬೇರೆ ಬೇರೆ. ಸೊನ್ನೆ ಹಾಕಿ ಬರೆದ 'ಬ೦ತು' ಹುಡುಕಾಟದಲ್ಲಿ ಸಿಗುವುದಿಲ್ಲ, ಅಕಾರಾದಿಯಲ್ಲಿ ಎಲ್ಲೋ ಹೋಗಿ ಕೂರುತ್ತದೆ. ಎರಡನೆಯದು 'ಸಾಫ್ಟ್‌ವೇರ್' ಥರದ ಪದ. ನಡುವೆ ಕಾಣದ ವಿಭಜಕ ಹಾಕದಿದ್ದರೆ 'ಸಾಫ್ಟ್ವೇರ್' ಆಗಿ ವಕಾರ ಒತ್ತಾಗಿ ಕೆಳಗಿಳಿಯುತ್ತದೆ. ಈ ಎರಡನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಹಾಕಿ.

ಕೈಗೆತ್ತಿಕೊಳ್ಳಲು ಎರಡು ಬಗೆಯ ಕೆಲಸ ಇವೆ. ಒಂದು, ಊರಿನ ಸಂಸ್ಥೆಗಳ ಹಳೇ ಕಡತಗಳು. ಶಾಲೆಯ ಸ್ಮರಣ ಸಂಚಿಕೆ, ಸಹಕಾರ ಸಂಘದ ವರದಿ, ಜಾತ್ರೆಯ ಕರಪತ್ರ ಎಲ್ಲವೂ ಹಳೇ ನುಡಿ, ಬರಹ ಫಾಂಟುಗಳಲ್ಲಿ ಇರುತ್ತವೆ. ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡ್‌ಗೆ ಪರಿವರ್ತಿಸುವ ಉಚಿತ ಸಾಧನಗಳಿವೆ. ಆದರೆ ಇಡೀ ಕಡತವನ್ನು ಒಮ್ಮೆಲೆ ಹಾಕಿದರೆ ನಡುವೆ ಇದ್ದ ನಿಜವಾದ ಇಂಗ್ಲಿಷ್ ಪದಗಳು, ಇಮೇಲ್ ವಿಳಾಸಗಳು ಅರ್ಥವಿಲ್ಲದ ಕನ್ನಡವಾಗುತ್ತವೆ. ಮೊದಲು ಫಾಂಟಿನ ಪ್ರಕಾರ ಕನ್ನಡ ಭಾಗವನ್ನು ಬೇರ್ಪಡಿಸಿ, ಅದನ್ನಷ್ಟೇ ಪರಿವರ್ತಿಸಿ, ಆಮೇಲೆ ಅರ್ಕಾವೊತ್ತು ಇರುವ ಪದಗಳನ್ನೆಲ್ಲ ಒಮ್ಮೆ ಕಣ್ಣಾಡಿಸಿ. ಮೂಲ ಕಡತವನ್ನು ಅಳಿಸಬೇಡಿ.

ಇನ್ನೊಂದು ವಿಕಿಸೋರ್ಸ್. ಪುಸ್ತಕ ಆರಿಸುವಾಗ ಎರಡು ಲೆಕ್ಕ ಮಾಡಿ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮುಂದಿನ ವರ್ಷದ ಮೊದಲ ದಿನದಿಂದ 60 ವರ್ಷ. ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು, ಅವರು ಬದುಕಿದ್ದಾಗ ಪ್ರಕಟವಾದವು 2024ರ ಜನವರಿ 1ರಿಂದ ಮುಕ್ತ. ವಿಕಿಯ ಸರ್ವರ್‌ಗಳು ಅಮೆರಿಕದಲ್ಲಿರುವುದರಿಂದ ಪ್ರಕಟವಾಗಿ 95 ವರ್ಷವಾಗಬೇಕೆಂಬ ಅಲ್ಲಿನ ಲೆಕ್ಕವೂ ಅಡ್ಡ ಬರಬಹುದು. ಹೊಸ ಗುಂಪು ಎರಡೂ ಲೆಕ್ಕ ದಾಟಿದ ಪುಸ್ತಕ ಹಿಡಿದರೆ ಆಮೇಲೆ ಅಳಿಸಿಹೋಗುವ ಭಯವಿಲ್ಲ. ಹಳೇ ಪುಸ್ತಕಕ್ಕೆ ಇತ್ತೀಚೆಗೆ ಬರೆದ ಮುನ್ನುಡಿ, ಟಿಪ್ಪಣಿಗಳಿಗೆ ಬೇರೆ ಹಕ್ಕು ಇರುತ್ತದೆ. ಆ ಪುಟಗಳನ್ನು ಬಿಡಿ.

ಸ್ಕ್ಯಾನ್ 300 ಡಿಪಿಐ ಇರಲಿ, ಸಣ್ಣ ಅಚ್ಚಾದರೆ 400. ಫೋನಿನಲ್ಲಿ ತೆಗೆಯುವುದಾದರೆ ಸ್ಟ್ಯಾಂಡ್ ಬೇಕು, ಪುಸ್ತಕದ ಮೇಲೆ ಗಾಜು ಇಟ್ಟು ಎರಡೂ ಪಕ್ಕದಿಂದ ಓರೆಯಾಗಿ ಬೆಳಕು ಬಿಡಿ. ಒಂದೇ ಕಡೆಯ ಕಿಟಕಿ ಬೆಳಕಿನಲ್ಲಿ ಹೊಲಿಗೆಯ ಕಡೆ ನೆರಳು ಬಿದ್ದು ಆ ಸಾಲುಗಳನ್ನು ಯಂತ್ರ ಓದುವುದಿಲ್ಲ. ಸೇರಿಸುವ ಮೊದಲು ಪುಟ ಎಣಿಸಿ. ಒಂದು ಪುಟ ಬಿಟ್ಟುಹೋಗಿ, ಅದು ಅರ್ಧ ಪುಸ್ತಕ ತಿದ್ದಿದ ಮೇಲೆ ಗೊತ್ತಾದರೆ ಮುಂದಿನ ಎಲ್ಲ ಪುಟಗಳ ಸಂಖ್ಯೆ ಒಂದೊಂದು ಸರಿಯುತ್ತದೆ, ಅದನ್ನು ಸರಿಪಡಿಸುವ ಹೊತ್ತಿಗೆ ಎಲ್ಲರ ಉತ್ಸಾಹ ಇಳಿದಿರುತ್ತದೆ.

ಅಕ್ಷರ ಗುರುತಿಸುವ ತಂತ್ರಾಂಶ ಕೊಟ್ಟ ಪಠ್ಯದಲ್ಲಿ ಪ ಮತ್ತು ವ, ಷ ಮತ್ತು ವ, ಮ ಮತ್ತು ವು, ಘ ಮತ್ತು ಫ ಅದಲುಬದಲಾಗುತ್ತವೆ, ಒತ್ತಕ್ಷರ ಮಾಯವಾಗುತ್ತದೆ. ತಿದ್ದುವಾಗ ಮೂಲದ ಕಾಗುಣಿತವನ್ನು ಇವತ್ತಿನ ಬಳಕೆಗೆ ಬದಲಿಸಬಾರದು, ಅಚ್ಚಿನಲ್ಲಿರುವಂತೆಯೇ ಇರಬೇಕು. ವಿಕಿಸೋರ್ಸ್‌ನಲ್ಲಿ ತಿದ್ದಿದ ಪುಟದ ಗುರುತು ಹಳದಿಯಾಗುತ್ತದೆ. ಬೇರೊಬ್ಬರು ಮತ್ತೆ ಓದಿ ಒಪ್ಪಿದರೆ ಹಸಿರು. ತಿದ್ದಿದವರೇ ಹಸಿರು ಮಾಡಲು ಅಲ್ಲಿ ಅವಕಾಶವಿಲ್ಲ, ಹಾಗಾಗಿ ಜೋಡಿ ಕೆಲಸ ತಾನಾಗಿ ಒದಗುತ್ತದೆ. ಹೊಸಬರಿಗೆ ಒಂದು ಪುಟ ತಿದ್ದಲು ಅಂದಾಜು 25 ನಿಮಿಷ, ಎರಡನೇ ಓದಿಗೆ ಅದರರ್ಧ. ಎಂಟು ಜನ ಎರಡು ಗಂಟೆ ಕೂತರೆ ಇಪ್ಪತ್ತೈದು ಪುಟ ಹಸಿರಾಗಬಹುದು. ನೂರಿಪ್ಪತ್ತು ಪುಟಕ್ಕೆ ಐದು ಸಭೆ, ಅಂದರೆ ಮೂರು ತಿಂಗಳೊಳಗೆ ಪುಸ್ತಕ ಮುಗಿದು ಒಂದು ಸಭೆ ಉಳಿಯುತ್ತದೆ. ಕೆಲಸದ ಅಳತೆಯನ್ನು ಹೀಗೆ ಮೊದಲೇ ಲೆಕ್ಕ ಹಾಕಿ. ಐನೂರು ಪುಟದ ಕಾವ್ಯ ಹಿಡಿದು ಅರ್ಧಕ್ಕೆ ಬಿಡುವುದಕ್ಕಿಂತ ಸಣ್ಣ ಪುಸ್ತಕ ಮುಗಿಸುವುದು ಲೇಸು.

ಫೋನ್ ಸುರಕ್ಷತೆಯ ಗುಂಪು

ಇದು ಉಳಿದವಕ್ಕಿಂತ ಸರಳ, ಆದರೆ ಹೊಣೆ ಹೆಚ್ಚು. ಒಂದು ಸಭೆಗೆ ಒಂದೇ ಮೋಸ ತೆಗೆದುಕೊಳ್ಳಿ. ದುಡ್ಡು ಬರುವುದಕ್ಕೆ ಯುಪಿಐ ಪಿನ್ ಬೇಡವೇ ಬೇಡ ಎಂಬುದು ಮೊದಲನೆಯದು. ಇದನ್ನು ಹೇಳಿ ಬಿಟ್ಟರೆ ಸಾಲದು. ಇಬ್ಬರ ನಡುವೆ ಒಂದು ರೂಪಾಯಿ ಕಳಿಸಿ, ಪಡೆಯುವವರ ಫೋನಿನಲ್ಲಿ ಏನೂ ಒತ್ತಬೇಕಾಗಿಲ್ಲ ಎಂದು ತೋರಿಸಿ. ಎರಡನೆಯದು ಮದುವೆ ಕರೆಯೋಲೆ, ಸಂಚಾರ ದಂಡದ ನೋಟಿಸು ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಕಡತ, ಅಂದರೆ ತೆರೆದರೆ ಫೋನಿಗೆ ಆ್ಯಪ್ ಹಾಕುವ ಕಡತ. ಅಪರಿಚಿತ ಮೂಲದಿಂದ ಆ್ಯಪ್ ಹಾಕಲು ಯಾವ ಆ್ಯಪ್‌ಗಳಿಗೆ ಅನುಮತಿ ಇದೆ ಎಂದು ಸೆಟ್ಟಿಂಗ್ಸ್‌ನಲ್ಲಿ ನೋಡಿ ಎಲ್ಲವನ್ನೂ ಆಫ್ ಮಾಡಿಸಿ. ಆಮೇಲೆ ಪೊಲೀಸರೆಂದು ಹೇಳಿಕೊಂಡು ವೀಡಿಯೊ ಕರೆಯಲ್ಲಿ ಹೆದರಿಸಿ ದುಡ್ಡು ಕೀಳುವ 'ಡಿಜಿಟಲ್ ಅರೆಸ್ಟ್'. ವೀಡಿಯೊ ಕರೆಯಲ್ಲಿ ಬಂಧಿಸುವ ಕಾನೂನು ನಮ್ಮ ದೇಶದಲ್ಲಿಲ್ಲ. ಕರೆ ಬೇರೆ ನಂಬರಿಗೆ ತಿರುಗಿಸಿಕೊಂಡು ಒಟಿಪಿ ಕದಿಯುವ ಮೋಸಕ್ಕೆ, ##002# ಒತ್ತಿ ಕರೆ ಮಾಡಿದರೆ ತಿರುಗಿಸಿದ್ದೆಲ್ಲ ರದ್ದಾಗುತ್ತದೆ. ಫೋನ್ ಕಳೆದರೆ ಬೇಕಾಗುವ, ಪ್ರತಿ ಫೋನಿಗೂ ಬೇರೆಯಾದ ಐಎಂಇಐ ಸಂಖ್ಯೆಯನ್ನು *#06# ಒತ್ತಿ ತೆಗೆದು ಮನೆಯ ಡೈರಿಯಲ್ಲಿ ಬರೆಸಿ. ಕಳೆದ ಫೋನ್ ತಡೆಯಲು, ತಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ನೋಡಲು ಸರ್ಕಾರದ ಸಂಚಾರ್ ಸಾಥಿ ತಾಣ ಇದೆ.

ದುಡ್ಡು ಹೋದ ಕೂಡಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ. ಬೇಗ ಮಾಡಿದಷ್ಟೂ ಹಣ ಮುಂದಿನ ಖಾತೆಗೆ ದಾಟುವ ಮುನ್ನ ತಡೆಯುವ ಸಾಧ್ಯತೆ ಹೆಚ್ಚು. ಆಗ ಬ್ಯಾಂಕಿನ ಹೆಸರು, ಮೊತ್ತ, ಹೊತ್ತು, ಯುಪಿಐ ವಹಿವಾಟಿನ 12 ಅಂಕಿಯ ಸಂಖ್ಯೆ ಕೇಳುತ್ತಾರೆ. ಆ ಸಂಖ್ಯೆ ತಮ್ಮ ಆ್ಯಪ್‌ನಲ್ಲಿ ಎಲ್ಲಿದೆ ಎಂದು ಪ್ರತಿಯೊಬ್ಬರೂ ಸಭೆಯಲ್ಲಿಯೇ ಹುಡುಕಿ ತೋರಿಸಲಿ. ಗಾಬರಿಯಲ್ಲಿ ಅದು ಸಿಗುವುದಿಲ್ಲ.

ಈ ಗುಂಪಿನ ಸ್ವಯಂಸೇವಕರು ಯಾರ ಪಿನ್, ಒಟಿಪಿ, ಬ್ಯಾಂಕ್ ಬಾಕಿಯನ್ನೂ ನೋಡಬಾರದು. ಟೈಪ್ ಮಾಡುವಾಗ ಮುಖ ತಿರುಗಿಸಬೇಕು. ಮೋಸಹೋದವರು ನಾಚಿಕೆಯಿಂದ ಸುಮ್ಮನಿರುತ್ತಾರೆ, ಮನೆಯವರಿಗೂ ಹೇಳಿರುವುದಿಲ್ಲ. ಅವರನ್ನು ಸಭೆಯ ಮುಂದೆ ನಿಲ್ಲಿಸಿ ಉದಾಹರಣೆ ಮಾಡಬೇಡಿ.

ಗುಂಪುಗಳು ಮತ್ತು ಸಂಘ

ತಿಂಗಳಿಗೊಮ್ಮೆ ಎಲ್ಲ ಗುಂಪುಗಳೂ ಒಟ್ಟು ಸೇರಿ ತಲಾ ಐದು ನಿಮಿಷ ಮುಗಿಸಿದ್ದನ್ನು ತೋರಿಸಲಿ. ತೆರೆ, ಪ್ರೊಜೆಕ್ಟರ್ ಬೇಡ. ಓಡುವ ಯಂತ್ರವನ್ನೇ ತನ್ನಿ. ಇದಿಲ್ಲದಿದ್ದರೆ ವರ್ಷದೊಳಗೆ ಗುಂಪುಗಳು ಬೇರೆ ಬೇರೆ ಸಂಘಗಳಂತಾಗಿ ಸಾಮಾನಿಗೆ ಕಿತ್ತಾಡುತ್ತವೆ. ಸಾಮಾನಿನ ಪಟ್ಟಿ ಒಂದೇ ಪುಸ್ತಕದಲ್ಲಿರಲಿ, ಪ್ರತಿ ವಸ್ತುವಿಗೂ ಸಂಖ್ಯೆ ಅಂಟಿಸಿ, ಒಯ್ದವರ ಸಹಿ ಇರಲಿ.

ವಾಟ್ಸ್‌ಆ್ಯಪ್ ಗುಂಪು ಬೇಕು, ಆದರೆ ಅದು ಸಭೆಯ ಜಾಗ ತುಂಬಬಾರದು. ಸಭೆಯ ಸೂಚನೆಗೆ ಒಂದು, ಸಂಚಾಲಕರು ಮಾತ್ರ ಬರೆಯುವಂಥದ್ದು. ಮಾತುಕತೆಗೆ ಇನ್ನೊಂದು. ಎರಡಕ್ಕೂ ಇಬ್ಬಿಬ್ಬರು ಅಡ್ಮಿನ್. ಅಲ್ಲಿ ಬಂದ ಒಳ್ಳೆಯ ಉತ್ತರ ಮೂರು ದಿನದಲ್ಲಿ ಶುಭೋದಯದ ಚಿತ್ರಗಳ ಕೆಳಗೆ ಮುಳುಗುತ್ತದೆ. ಯಾವ ಯಂತ್ರ, ಯಾವ ತೊಂದರೆ, ಏನು ಮಾಡಿದರೆ ಸರಿಹೋಯಿತು ಎಂದು ಮೂರು ಕಾಲಮ್ಮಿನ ಒಂದು ಪುಸ್ತಕ ಇಡಿ. ಆರು ತಿಂಗಳಲ್ಲಿ ಅದೇ ಗುಂಪಿನ ದೊಡ್ಡ ಆಸ್ತಿಯಾಗುತ್ತದೆ.

ಮುಚ್ಚುವುದು

ಮೂರು ತಿಂಗಳ ಕೆಲಸ ಮುಗಿದ ಮೇಲೆ ಹೊಸ ಕೆಲಸ ಹಿಡಿಯಲು ಐದು ಮಂದಿ ಇಲ್ಲದಿದ್ದರೆ ಗುಂಪು ಮುಚ್ಚಿ. ಸತತ ಎರಡು ಸಭೆಗೆ ಮೂವರಿಗಿಂತ ಕಡಿಮೆ ಬಂದರೂ ಮುಚ್ಚಿ. ಮುಚ್ಚುವುದನ್ನು ಸೋಲೆಂದು ತಿಳಿದು ಹೆಸರಿಗಷ್ಟೇ ಉಳಿಸಿಕೊಂಡ ಗುಂಪು ಸಂಚಾಲಕರನ್ನು ಹಣ್ಣು ಮಾಡುತ್ತದೆ, ಅವರು ಸಂಘವನ್ನೇ ಬಿಡುತ್ತಾರೆ. ಮುಚ್ಚುವ ದಿನ ಮಾಡಬೇಕಾದದ್ದು ಇಷ್ಟು: ಸಾಮಾನನ್ನು ಪಟ್ಟಿಯೊಂದಿಗೆ ತಾಳೆ ನೋಡಿ ಸಂಘಕ್ಕೆ ಒಪ್ಪಿಸಿ, ಉಳಿದ ಮುಂಗಡ ಮತ್ತು ಬಿಲ್ಲುಗಳನ್ನು ಖಜಾಂಚಿಗೆ ಕೊಡಿ, ತೊಂದರೆಗಳ ಪುಸ್ತಕವನ್ನೂ ಕಡತಗಳನ್ನೂ ಎರಡು ಪ್ರತಿ ಮಾಡಿ ಒಂದನ್ನು ಗ್ರಂಥಾಲಯದಲ್ಲಿಡಿ, ಸದಸ್ಯರ ಫೋನ್ ನಂಬರು ಮತ್ತು ಒಪ್ಪಿಗೆ ಪತ್ರಗಳಲ್ಲಿ ಬೇಡವಾದವನ್ನು ಹರಿದು ಹಾಕಿ, ವಾಟ್ಸ್‌ಆ್ಯಪ್ ಗುಂಪಿಗೆ ಕೊನೆಯ ಸೂಚನೆ ಕಳಿಸಿ. ನಡಾವಳಿಯಲ್ಲಿ ಯಾವ ಕೆಲಸ ಎಲ್ಲಿಗೆ ಬಂದು ನಿಂತಿದೆ ಎಂದು ನಾಲ್ಕು ಸಾಲು ಬರೆಯಿರಿ. ಮುಂದಿನ ಚೀಟಿಗಳಲ್ಲಿ ಮತ್ತೆ ಐದು ಹೆಸರು ಅದೇ ಕೆಲಸಕ್ಕೆ ಬಂದರೆ ಅವರು ಆ ನಾಲ್ಕು ಸಾಲಿನಿಂದ ಶುರು ಮಾಡುತ್ತಾರೆ.